ಅಪ್ಪನ ಕೊಕ್ಕೊ, ನನ್ನ ಬಿಪಿ

ರಾತ್ರಿ ಎರಡೂ ಮುಕ್ಕಾಲಿಗೆ ಎದ್ದು ಕೂತೆ. ಫೋನ್ ರಿಂಗಾದ ಹಾಗಾಯಿತು. ನೋಡಿದರೆ ಕಾಲೂ ಇಲ್ಲ, ಅಲರ್ಟೂ ಇಲ್ಲ. ಅಸಲಿಗೆ ಆ ವಾರ ನನ್ನ ಆನ್-ಕಾಲ್ ಸರದಿಯೇ ಆಗಿರಲಿಲ್ಲ. ಆದರೂ ಎದೆ ಮಾತ್ರ ಪ್ರೊಡಕ್ಷನ್ ಸರ್ವರ್ ಬಿದ್ದುಹೋದ ಹಾಗೆ ಹೊಡೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಕಣ್ಣು ಬಿಡದೆಯೇ, "ಈ ವಾರದಲ್ಲಿ ಇದು ಮೂರನೇ ಸಲ. ನಾಳೆ ಡಾಕ್ಟರ್ ಹತ್ರ ಹೋಗ್ತೀರೋ, ಇಲ್ಲ ನಾನೇ ಊರಿಗೆ ಫೋನ್ ಮಾಡಿ ಹೇಳ್ಲೋ?" ಅಂದಳು. ಎರಡನೆಯದು ನನಗೆ ಬೇಡವಾಗಿತ್ತು. ಹಾಗಾಗಿ ಡಾಕ್ಟರ ಹತ್ತಿರ ಹೋದೆ.

ಬಿಪಿ 152/98. ಆಗ ನನಗೆ ಮೂವತ್ತನಾಲ್ಕು. ಡಾಕ್ಟರು ಪಟ್ಟಿ ಸಡಿಲಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ, ಮತ್ತೊಮ್ಮೆ ನೋಡಿದರು. ಹೆಚ್ಚೇನೂ ಇಳಿದಿರಲಿಲ್ಲ. "ದಿನಕ್ಕೆ ಎಷ್ಟು ಕಾಫಿ?" ಅಂತ ಕೇಳಿದರು. ಲೆಕ್ಕ ಹಾಕಿದೆ. ಮನೆಯಲ್ಲಿ ಒಂದು, ಆಫೀಸಿಗೆ ಹೋದ ಕೂಡಲೇ ಒಂದು, ಸ್ಟ್ಯಾಂಡ್‌ಅಪ್ ಮುಗಿದ ಮೇಲೆ ಒಂದು... ಆರಕ್ಕೆ ಬಂದು ನಿಂತಿತು. "ಮನೇಲಿ ಯಾರಿಗಾದ್ರೂ ಬಿಪಿ ಇದೆಯಾ?" ಇಲ್ಲ ಅಂದೆ. ಈ ಉತ್ತರವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. "ಸದ್ಯಕ್ಕೆ ಮಾತ್ರೆ ಬೇಡ. ಉಪ್ಪು ಕಮ್ಮಿ ಮಾಡಿ, ನಡೀರಿ, ಸರಿಯಾಗಿ ನಿದ್ದೆ ಮಾಡಿ. ಕಾಫಿ ಎರಡಕ್ಕೆ ನಿಲ್ಸಿ. ಮನೇಲೇ ಬಿಪಿ ನೋಡಿ ಬರೆದಿಟ್ಕೊಳ್ಳಿ. ಮೂರು ತಿಂಗಳು ಬಿಟ್ಟು ಬನ್ನಿ," ಅಂದರು.

ಕಾಫಿ ಬಿಟ್ಟವರಿಗೆ ಗೊತ್ತು, ಮೊದಲ ನಾಲ್ಕು ದಿನ ತಲೆನೋವು. ಅದು ಹೋಯಿತು. ಹೋಗದೆ ಉಳಿದದ್ದು ಇನ್ನೊಂದು. ಬೆಳಿಗ್ಗೆ ಎದ್ದು ಕೈಯಲ್ಲಿ ಲೋಟ ಇಲ್ಲದಿದ್ದರೆ ಆ ಕೈ ಫೋನಿಗೆ ಹೋಗುತ್ತದೆ. ಫೋನು ಕೈಗೆ ಬಂದರೆ ಬೆರಳು ನೆಟ್ಟಗೆ ಆಫೀಸಿನ ಚಾಟಿಗೆ ಹೋಗುತ್ತದೆ. ಅಲ್ಲಿ ರಾತ್ರಿಯಿಡೀ ಅಮೆರಿಕದವರು ಬರೆದಿಟ್ಟದ್ದು ಇರುತ್ತದೆ. ಹಲ್ಲುಜ್ಜುವ ಮೊದಲೇ ದಿನ ಕೆಟ್ಟಿರುತ್ತದೆ. ಈ ಗೋಳನ್ನು ಟೀಮಿನ ಒಬ್ಬಳು ಸಹೋದ್ಯೋಗಿ ಹತ್ತಿರ ಹೇಳಿಕೊಂಡೆ. ಅವಳಿಗೆ ಯೋಗ, ಧ್ಯಾನ, ಸೌಂಡ್ ಬಾತ್ ಎಲ್ಲ ಗೊತ್ತು. ಮರುದಿನ ಒಂದು ಕಂದು ಬಣ್ಣದ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟಳು. "ಕಕಾವೋ. ಕಾಫಿ ಬದಲು ಇದನ್ನ ಕುಡಿ. ಲೈಫ್ ಚೇಂಜಿಂಗ್," ಅಂದಳು.

ಪೊಟ್ಟಣದ ಮೇಲೆ "ಸೆರೆಮೋನಿಯಲ್ ಗ್ರೇಡ್" ಅಂತ ಬರೆದಿತ್ತು. ಹೃದಯ ತೆರೆಯುತ್ತದೆ, ಭೂಮಿತಾಯಿಯೊಂದಿಗೆ ಸಂಪರ್ಕ ಬೆಳೆಯುತ್ತದೆ, ಕುಡಿಯುವ ಮೊದಲು ನಿಮ್ಮ ಸಂಕಲ್ಪವನ್ನು ಲೋಟಕ್ಕೆ ಪಿಸುಗುಟ್ಟಿ ಎಂದೆಲ್ಲ ಇತ್ತು. ಕಾಲು ಕೆಜಿಗೆ ಸಾವಿರದ ಮುನ್ನೂರು ರೂಪಾಯಿ. ಬಿಚ್ಚಿ ಮೂಸಿದೆ. ಮೂಸಿದವನಿಗೆ ನಗು ತಡೆಯಲಾಗಲಿಲ್ಲ. "ಏನಾಯ್ತು?" ಅಂದಳು. "ಇದು ನಮ್ಮ ಕೊಕ್ಕೊ ಮಾರಾಯ್ತಿ. ನಮ್ಮ ತೋಟದಲ್ಲಿ ಅಳಿಲು ತಿಂದು ಬಿಸಾಡ್ತಿದ್ದದ್ದು," ಅಂದೆ.

ದಕ್ಷಿಣ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಅಡಿಕೆ ತೋಟದ ಒಳಗೆ, ಎರಡು ಸಾಲಿನ ನಡುವೆ, ಅಡಿಕೆ ಮರದ ಅರ್ಧ ಎತ್ತರಕ್ಕೂ ಬಾರದ ಅಗಲ ಎಲೆಯ ಮರಗಳು ಕಾಣುತ್ತವೆ. ಹಣ್ಣು ರೆಂಬೆಯ ತುದಿಯಲ್ಲಿ ಆಗುವುದಲ್ಲ. ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಜೋತಾಡುತ್ತದೆ. ಹಸಿರಿದ್ದದ್ದು ಹಣ್ಣಾಗುವಾಗ ಹಳದಿಯಾಗುತ್ತದೆ. ಕಲ್ಲಿಗೆ ಕುಟ್ಟಿ ಒಡೆದರೆ ಒಳಗೆ ಬಿಳಿ ತಿರುಳಿನ ಬೀಜಗಳು, ಒಂದು ಹಣ್ಣಿನಲ್ಲಿ ಮೂವತ್ತು ನಲವತ್ತು. ಆ ತಿರುಳು ಹುಳಿ-ಸಿಹಿ. ಶಾಲೆಯಿಂದ ಬಂದವರು ಚೀಲ ಬಿಸಾಡಿ ತೋಟಕ್ಕೆ ಓಡುತ್ತಿದ್ದದ್ದೇ ಅದನ್ನು ಚೀಪಲಿಕ್ಕೆ. ಮನೆಯಲ್ಲಿ ನಿಯಮ ಒಂದೇ: ತಿರುಳು ಎಷ್ಟು ಬೇಕಾದರೂ ಚೀಪಿ, ಬೀಜವನ್ನು ಬಕೆಟಿಗೆ ಉಗಿಯಿರಿ. ಜಗತ್ತಿನ ಚಾಕೊಲೇಟಿಗೆ ನನ್ನ ಕೊಡುಗೆ ಎಷ್ಟು ಬಕೆಟ್ ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಬಕೆಟಿನ ಹಸಿ ಬೀಜ ಅಪ್ಪನ ಸ್ಕೂಟರಿನಲ್ಲಿ ಪೇಟೆಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಅದಕ್ಕೆ ಏನಾಗುತ್ತದೆ ಅಂತ ನಮಗೆ ಗೊತ್ತಿದ್ದದ್ದು ಇಷ್ಟೇ: ಪುತ್ತೂರಿನಲ್ಲಿ ಕ್ಯಾಂಪ್ಕೋದ ದೊಡ್ಡ ಕಾರ್ಖಾನೆ ಉಂಟು, ಅಲ್ಲಿ ಚಾಕೊಲೇಟ್ ಆಗುತ್ತದೆ. ಬೀಜ ಮಾರಿದ ದಿನ ಅಪ್ಪ ಎರಡು ಚಾಕೊಲೇಟ್ ತಂದರೆ ಅದೇ ಹಬ್ಬ. ನಾವು ಬೆಳೆದದ್ದನ್ನೇ ನಾವು ದುಡ್ಡು ಕೊಟ್ಟು ತರುತ್ತಿದ್ದೇವೆ ಅಂತ ಆಗ ಅನ್ನಿಸುತ್ತಿರಲಿಲ್ಲ. ಅದನ್ನು ಕುಡಿಯಬಹುದು ಎನ್ನುವುದು ಕನಸಿನಲ್ಲೂ ಹೊಳೆದಿರಲಿಲ್ಲ. ಕುಡಿಯಲಿಕ್ಕೆ ನಮಗೆ ಕೊತ್ತಂಬರಿ-ಜೀರಿಗೆ ಕಷಾಯ ಇತ್ತು.

ಮನೆಗೆ ಬಂದು ಪೊಟ್ಟಣದ ಹಿಂದೆ ಬರೆದ ಹಾಗೆ ಮಾಡಿದೆ. ಗಟ್ಟಿ ಇಟ್ಟಿಗೆಯಂಥ ತುಂಡು. ಚಾಕುವಿನಲ್ಲಿ ಹೆರೆದು, ಎರಡು ದೊಡ್ಡ ಚಮಚೆಯಷ್ಟು ತೆಗೆದುಕೊಂಡು, ಕುದಿ ಇಳಿದ ಬಿಸಿನೀರು ಹಾಕಿ ಕದಡಿದೆ. ಮೇಲೆ ಎಣ್ಣೆ ತೇಲಿತು, ಕೆಳಗೆ ಕೆಸರು ನಿಂತಿತು. ಕುಡಿದೆ. ಕಹಿ ಅಂದರೆ ಕಹಿ. ಮಾರ್ಕೆಟಿನ ಡಬ್ಬದ ಡ್ರಿಂಕಿಂಗ್ ಚಾಕೊಲೇಟ್ ಇದಲ್ಲ, ಅದರಲ್ಲಿ ಬಹುಪಾಲು ಸಕ್ಕರೆ. ಡಬ್ಬದ ಕೊಕ್ಕೊ ಪುಡಿಯೂ ಅಲ್ಲ. ಕೊಕ್ಕೊ ಬೀಜದಲ್ಲಿ ಅರ್ಧಕ್ಕರ್ಧ ಕೊಬ್ಬು ಇರುತ್ತದೆ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಆ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಪುಡಿ ಬಂದದ್ದು. ಅದಕ್ಕೂ ಮೊದಲು ಎಲ್ಲರೂ ಕುಡಿಯುತ್ತಿದ್ದದ್ದು ಈ ಎಣ್ಣೆ ತೇಲುವ ಪೂರ್ತಿ ಬೀಜದ್ದೇ. ತಿನ್ನುವ ಚಾಕೊಲೇಟ್ ನಿನ್ನೆ ಮೊನ್ನೆಯದು. ಕೊಕ್ಕೊ ತನ್ನ ಆಯುಷ್ಯದಲ್ಲಿ ಬಹುಕಾಲ ಕುಡಿಯುವ ವಸ್ತುವಾಗಿಯೇ ಇತ್ತು.

ಇಂಜಿನಿಯರ್ ಬುದ್ಧಿ. ನಿದ್ದೆ ಬಾರದ ರಾತ್ರಿಗಳಲ್ಲಿ ಆಫೀಸಿನ ಚಾಟ್ ನೋಡುವ ಬದಲು ಕೊಕ್ಕೊದ ಬಗ್ಗೆ ಓದಿದೆ. ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಸುಮಾರು 5,300 ವರ್ಷ ಹಳೆಯ ಮಡಕೆಗಳಲ್ಲಿ ಇದರ ಅಂಶ ಸಿಕ್ಕಿದೆ. ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಮಾಯಾ ಜನ ಇದಕ್ಕೆ ನೊರೆ ಬರಿಸುತ್ತಿದ್ದದ್ದು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು. ಹಾಗೆ ಹೊಯ್ಯುತ್ತಿರುವ ಹೆಂಗಸಿನ ಚಿತ್ರ ಅವರದೇ ಒಂದು ಹಳೆಯ ಹೂದಾನಿಯ ಮೇಲಿದೆ. ನೋಡಿದರೆ ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಎತ್ತಿ ಹೊಯ್ಯುವ ಅಣ್ಣನ ನೆನಪಾಗುತ್ತದೆ. ಅಜ್ಟೆಕರಲ್ಲಿ ಈ ಬೀಜ ನಾಣ್ಯವಾಗಿ ಓಡುತ್ತಿತ್ತು. ಕೊಕ್ಕೊಗೆ ಮೆಣಸು ಹಾಕುತ್ತಿದ್ದರು, ಹೂವು ಹಾಕುತ್ತಿದ್ದರು, ಮೆಕ್ಕೆಜೋಳದ ಹಿಟ್ಟು ಕಲಸುತ್ತಿದ್ದರು. ಸ್ಪೇನಿನವರು ಬಂದ ಮೇಲೆ ಸಕ್ಕರೆ ಬಿತ್ತು, ನೊರೆ ಬರಿಸಲು ಮರದ ಕೋಲು ಬಂತು. ಆ ಕೋಲಿಗೆ ಮೊಲಿನಿಯೊ ಅಂತ ಹೆಸರು. ಎರಡು ಅಂಗೈ ನಡುವೆ ಹಿಡಿದು ಗರಗರ ತಿರುಗಿಸುವುದು. ಚಿತ್ರ ನೋಡಿ ಹೆಂಡತಿಯನ್ನು ಕರೆದೆ. "ಇದು ಕಡಗೋಲಲ್ವಾ?" ಅಂದಳು. ಹೌದು, ನಮ್ಮ ಮಜ್ಜಿಗೆ ಕಡಗೋಲಿನ ದೂರದ ನೆಂಟ.

ಆ ಶನಿವಾರವೇ ಗಾಂಧಿ ಬಜಾರಿಗೆ ಹೋಗಿ ಒಂದು ಚಿಕ್ಕ ಮರದ ಕಡಗೋಲು ತಂದೆ. ಅದು ಕೈಗೆ ಬಂದ ಮೇಲೆ ಲೋಟದೊಳಗಿನ ಕೆಸರು ಕೊಕ್ಕೊ ಆಯಿತು. ಈಗಿನ ನನ್ನ ಲೆಕ್ಕ ಇದು: ಇಪ್ಪತ್ತು ಗ್ರಾಂ ಹೆರೆದ ಕೊಕ್ಕೊ, ಒಂದು ಲೋಟ ಬಿಸಿನೀರು, ಅಡಿಕೆಯಷ್ಟು ಬೆಲ್ಲ, ಕುಟ್ಟಿದ ಎರಡು ಕಾಳುಮೆಣಸು, ಚೂರು ಏಲಕ್ಕಿ. ಹಾಲು ಬೇಡ. ಮೊದಲು ಸ್ವಲ್ಪವೇ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಬೇಕು, ಆಮೇಲೆ ಉಳಿದ ನೀರು. ಕಡಗೋಲನ್ನು ಅಂಗೈಯಲ್ಲಿ ನೂರು ಸಲ ತಿರುಗಿಸಬೇಕು. ನೊರೆ ಬಂದ ಮೇಲೆ ಬಾಲ್ಕನಿಯಲ್ಲಿ ಕೂತು ಕುಡಿಯಬೇಕು. ಹೆರೆಯುವುದರಿಂದ ಲೋಟ ತೊಳೆದು ಬೋರಲು ಹಾಕುವವರೆಗೆ ಒಟ್ಟು ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಫೋನು ಮಲಗುವ ಕೋಣೆಯಲ್ಲಿ, ನಾನು ಅಡುಗೆಮನೆಯಲ್ಲಿ. ಲೋಟಕ್ಕೆ ಏನನ್ನೂ ಪಿಸುಗುಟ್ಟುವುದಿಲ್ಲ.

ಇದರಿಂದ ಟೆನ್ಷನ್ ಕಮ್ಮಿಯಾಗುತ್ತದಾ? ಎಲ್ಲರೂ ಕೇಳುವ ಪ್ರಶ್ನೆ. ನೇರವಾಗಿ ಹೇಳುತ್ತೇನೆ. ಕೊಕ್ಕೊದಲ್ಲಿ ಥಿಯೋಬ್ರೋಮಿನ್ ಅಂತ ಒಂದಿದೆ, ಕೆಫೀನಿನ ದಾಯಾದಿ. ಕೆಫೀನಿನಷ್ಟು ಚುರುಕು ಮುಟ್ಟಿಸುವುದಿಲ್ಲ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಕೆಫೀನೂ ಇದೆ, ಆದರೆ ಕಾಫಿಗಿಂತ ಕಡಿಮೆ. ಫ್ಲೇವನಾಲ್ ಎಂಬ ಅಂಶಗಳಿವೆ, ಅವು ರಕ್ತನಾಳವನ್ನು ಸ್ವಲ್ಪ ಸಡಿಲಗೊಳಿಸುತ್ತವೆ. ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇಂಥ ಕೊಕ್ಕೊದಿಂದ ಬಿಪಿ ಇಳಿಯುವುದು ಸರಾಸರಿ 2 ಪಾಯಿಂಟಿನಷ್ಟು. ನನ್ನ 152 ಎಲ್ಲಿ, ಈ 2 ಎಲ್ಲಿ! ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಕ್ಕೊ ಸಾರದ ಕ್ಯಾಪ್ಸೂಲ್ ಅಥವಾ ಬರೀ ಖಾಲಿ ಕ್ಯಾಪ್ಸೂಲ್ ಕೊಟ್ಟು ನೋಡಿದ ಕಾಸ್ಮೋಸ್ ಅಧ್ಯಯನ 2022ರಲ್ಲಿ ಬಂತು. ಹೃದಯದ ಒಟ್ಟು ತೊಂದರೆಗಳು ಖಚಿತವಾಗಿ ಕಮ್ಮಿಯಾದವು ಎಂದು ಹೇಳುವಷ್ಟು ವ್ಯತ್ಯಾಸ ಅದರಲ್ಲಿ ಸಿಗಲಿಲ್ಲ. ಹೃದ್ರೋಗದಿಂದ ಆದ ಸಾವು ಮಾತ್ರ ಶೇ. 27ರಷ್ಟು ಕಡಿಮೆ ಇತ್ತು. ಒಳ್ಳೆಯ ಸುದ್ದಿಯೇ. ಆದರೆ ಅದರ ಮೇಲೆ "ಹೃದಯ ತೆರೆಯುತ್ತದೆ" ಎಂದು ಬರೆಯಲು ಬರುವುದಿಲ್ಲ. "ಸೆರೆಮೋನಿಯಲ್ ಗ್ರೇಡ್" ಎನ್ನುವುದಕ್ಕೆ ಕಾನೂನಿನ ಅಳತೆಗೋಲೂ ಇಲ್ಲ, ಬರೆದವರದ್ದೇ ಗ್ರೇಡು.

ಇನ್ನೆರಡು ಮಾತು ಹೇಳಲೇಬೇಕು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಿ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಸಿಗದ ಹಾಗೆ ಇಡಿ, ಥಿಯೋಬ್ರೋಮಿನ್ ನಾಯಿಗೆ ವಿಷ. ರಾತ್ರಿ ಕುಡಿದರೆ ನಿದ್ದೆ ಕೆಡಬಹುದು, ನನಗೆ ಕೆಟ್ಟಿದೆ.

ಹಾಗಾದರೆ ನನಗೆ ಆದದ್ದೇನು? ಬೆಳಿಗ್ಗೆಯ ಇಪ್ಪತ್ತು ನಿಮಿಷ ನನ್ನದಾಯಿತು. ಹೆರೆಯುವಾಗ ಬೆರಳು ಜೋಪಾನ, ನೀರಿನ ಬಿಸಿ ಜೋಪಾನ, ಕಡೆಯುವಾಗ ಚೆಲ್ಲದ ಹಾಗೆ ಜೋಪಾನ. ಎರಡೂ ಕೈಗೆ ಕೆಲಸ ಇದ್ದಾಗ ತಲೆ ತನ್ನಷ್ಟಕ್ಕೆ ಸ್ವಲ್ಪ ಸುಮ್ಮನಾಗುತ್ತದೆ. ಕಾಫಿ ಮೆಷಿನ್ನಿನ ಗುಂಡಿ ಒತ್ತಿದರೆ ಇದು ಸಿಗುವುದಿಲ್ಲ. ರಾಗಿ ಗಂಜಿ ಮಾಡಿದ್ದರೂ, ಫಿಲ್ಟರಿನಲ್ಲಿ ಒಂದೇ ಒಂದು ಒಳ್ಳೆಯ ಕಾಫಿ ಇಳಿಸಿದ್ದರೂ ಇದೇ ಆಗುತ್ತಿತ್ತೇನೋ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕೊಕ್ಕೊದ ವಾಸನೆ. ಆ ವಾಸನೆಗೆ ನನ್ನ ಮಟ್ಟಿಗೆ ಒಂದು ತೋಟ ಇತ್ತು.

ಕೆಲಸ ಮಾಡದ ದಿನಗಳೂ ಇದ್ದವು. ಆ ವರ್ಷ ಎಲ್ಲ ಕಡೆ ಲೇಆಫ್. ಒಂದು ಗುರುವಾರ ಬೆಳಿಗ್ಗೆ ನಾನು ಕಡೆಯುತ್ತಿರುವಾಗಲೇ ಒಳಗೆ ಫೋನು ಗುಂಯ್ಗುಟ್ಟತೊಡಗಿತು. ಹೋಗಬಾರದು ಅಂದುಕೊಂಡೆ. ಹೋದೆ. ಒಂಬತ್ತು ಗಂಟೆಗೆ ಎಲ್ಲರೂ ಮೀಟಿಂಗಿಗೆ ಬರಬೇಕು ಅಂತ ಮೆಸೇಜು. ಒಂಬತ್ತೂ ಹತ್ತಕ್ಕೆ ಒಂಬತ್ತು ಜನರ ಟೀಮು ಐದಾಯಿತು. ಪೊಟ್ಟಣ ತಂದುಕೊಟ್ಟವಳೂ ಹೋದ ನಾಲ್ವರಲ್ಲಿ ಒಬ್ಬಳು. ಸ್ಕ್ರೀನಿನಲ್ಲಿ ಅವಳ ಚೌಕ ಆರಿಹೋಯಿತು, ಬೈ ಅನ್ನಲಿಕ್ಕೂ ಆಗಲಿಲ್ಲ. ಮನೆಯಲ್ಲಿ ಲೋಟದ ಮೇಲೆ ಕೆನೆ ಕಟ್ಟಿತ್ತು. ಎತ್ತಿ ಕುಡಿಯಲು ನೋಡಿದೆ, ಕೈ ನಡುಗುತ್ತಿತ್ತು. ಬಿಪಿ ನೋಡಿಕೊಂಡೆ. ಅಂಕಿ ಇಲ್ಲಿ ಬರೆಯುವುದಿಲ್ಲ. ಅವಳಿಗೆ ಫೋನ್ ಮಾಡಿ ಏನು ಹೇಳಬೇಕೆಂದು ತೋಚಲಿಲ್ಲ, ಸಂಜೆಯವರೆಗೂ ಮಾಡಲಿಲ್ಲ. ಕೊನೆಗೆ ಅವಳೇ ಮಾಡಿ, "ನೀನು ಕಕಾವೋ ಕುಡಿದ್ಯಾ?" ಅಂದಳು. ಅವಳ ಕೆಲಸ ಹೋದ ದಿನ ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಡಾಕ್ಟರು ಹೇಳಿದ ಮೂರು ತಿಂಗಳು ದಾಟಿತ್ತು. ನಾನು ಹೋಗಲಿಲ್ಲ. ಹೋದರೆ ಮಾತ್ರೆ ಕೊಡುತ್ತಾರೆ, ಮಾತ್ರೆ ತಗೊಂಡರೆ ನಾನು ರೋಗಿ. ಅದಕ್ಕಿಂತ ಕೊಕ್ಕೊ ಕಡೆಯುವುದು ಸುಲಭ. ಹೀಗೆ ವರ್ಷ ಉರುಳಿತು. ಊರಿಗೆ ಏನೂ ಹೇಳಿರಲಿಲ್ಲ. ಅಪ್ಪ ಫೋನಿನಲ್ಲಿ "ಕೆಲಸ ಹೇಗುಂಟು?" ಅಂದರೆ "ಆರಾಮ" ಅನ್ನುತ್ತಿದ್ದೆ. ನಾನು "ತೋಟ ಹೇಗುಂಟು?" ಅಂದರೆ ಅವರೂ "ಆರಾಮ" ಅನ್ನುತ್ತಿದ್ದರು.

2024ರ ಬೇಸಿಗೆಯಲ್ಲಿ ಮಾತ್ರ ಅಪ್ಪನ ಫೋನು ಉದ್ದವಾಯಿತು. "ಕೊಕ್ಕೊದ ರೇಟು ಕೇಳಿದ್ಯಾ?" ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ಎರಡೇ ದೇಶಗಳಲ್ಲಿ ಬೆಳೆಯುತ್ತದೆ. ಅಲ್ಲಿ ಹವೆ ಕೆಟ್ಟು, ಗಿಡಕ್ಕೆ ರೋಗ ಬಂದು ಫಸಲು ಬಿತ್ತು. ನ್ಯೂಯಾರ್ಕಿನಲ್ಲಿ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿತು. ಆ ಬಿಸಿ ನೆಟ್ಟಗೆ ಸುಳ್ಯದ ತಕ್ಕಡಿಗೆ ಬಂದು ಮುಟ್ಟಿತ್ತು. ಯಾರೂ ಮೂಸದಿದ್ದ ಹಸಿ ಬೀಜಕ್ಕೆ ಕೆಜಿಗೆ ಇನ್ನೂರು, ಇನ್ನೂರೈವತ್ತು ಅನ್ನತೊಡಗಿದ್ದರು. "ನಮ್ಮಲ್ಲಿ ಎಷ್ಟು ಮರ ಉಳಿದಿದೆ?" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಟು" ಅಂದರು.

ಅಪ್ಪ ಕೊಕ್ಕೊ ನೆಟ್ಟದ್ದು ಪುತ್ತೂರಿನಲ್ಲಿ ಕಾರ್ಖಾನೆ ಬಂದ ಮೇಲೆ, ಅಂದರೆ 1986ರ ನಂತರ. ಅದಕ್ಕೂ ಮೊದಲು ಅಜ್ಜನ ಕಾಲದಲ್ಲಿ ಊರಿನವರು ಒಮ್ಮೆ ನೆಟ್ಟು ಕೈಸುಟ್ಟುಕೊಂಡಿದ್ದರು. ಎಪ್ಪತ್ತರ ದಶಕದಲ್ಲಿ ಗಿಡ ಕೊಟ್ಟು ಹುರಿದುಂಬಿಸಿದವರು ಬೆಲೆ ಬಿದ್ದಾಗ ಖರೀದಿ ಕೈಬಿಟ್ಟಿದ್ದರು. ಆಗ ರೈತರ ಸಹಕಾರಿಯೇ ಆದ ಕ್ಯಾಂಪ್ಕೋ ಕೊಕ್ಕೊ ಕೊಳ್ಳಲು ಮುಂದೆ ಬಂತು, ಆಮೇಲೆ ಕಾರ್ಖಾನೆಯನ್ನೇ ಕಟ್ಟಿತು. ಆ ಧೈರ್ಯದಲ್ಲಿ ಅಪ್ಪ ನೆಟ್ಟದ್ದು ಇನ್ನೂರು ಗಿಡ. ಕಡಿದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಅಡಿಕೆಯ ಬೆಲೆ ನೆಲಕಚ್ಚಿದ ವರ್ಷ ಅದು, ಕೊಕ್ಕೊದ್ದಂತೂ ಕೇಳುವುದೇ ಬೇಡ. ಬೀಜ ಮಾರಿದ ದುಡ್ಡು ಕೊಯ್ದವನ ಸಂಬಳಕ್ಕೂ ಸಾಲುತ್ತಿರಲಿಲ್ಲ. ವೆನಿಲ್ಲಾ ಬಳ್ಳಿ ಹಾಕಿದವರೆಲ್ಲ ಶ್ರೀಮಂತರಾಗುತ್ತಾರೆ ಅಂತ ಊರಿಡೀ ಗಾಳಿ ಇತ್ತು. ಅಪ್ಪ ಕೊಕ್ಕೊ ಕಡಿದು ವೆನಿಲ್ಲಾ ಹಾಕಿದರು. ವೆನಿಲ್ಲಾದ ಬೆಲೆ ಆಕಾಶಕ್ಕೆ ಹೋಗಿ, ನಮ್ಮ ಬಳ್ಳಿ ಕೋಡು ಬಿಡುವ ಹೊತ್ತಿಗೆ ಪಾತಾಳಕ್ಕೆ ಬಂತು. ಆ ಕತೆಯನ್ನು ನಮ್ಮ ಮನೆಯಲ್ಲಿ ಯಾರೂ ತೆಗೆಯುವುದಿಲ್ಲ.

ಎರಡು ವಾರ ಊರಿನಿಂದಲೇ ಕೆಲಸ ಮಾಡುತ್ತೇನೆ ಅಂತ ಮ್ಯಾನೇಜರನ್ನು ಒಪ್ಪಿಸಿ ಹೊರಟೆ. ಲೆಕ್ಕ ಇಷ್ಟೇ: ಬೀಜ ಹುದುಗಲು ಆರು ದಿನ, ಒಣಗಲು ಏಳು ದಿನ. ನಮ್ಮ ಎಂಟು ಮರದಲ್ಲಿ ಅಳಿಲು ಬಿಟ್ಟದ್ದನ್ನು ಕೊಯ್ದೆವು. ಸಾಲದೆ ಪಕ್ಕದ ಮನೆಯ ಮಾವನಲ್ಲಿ ಕೇಳಿದೆ. ಮೊದಲಾದರೆ "ಬುಟ್ಟಿ ತೆಕ್ಕೊಂಡು ಹೋಗಿ ಕೊಯ್ದುಕೋ" ಅನ್ನುತ್ತಿದ್ದವರು ಈ ಸಲ ತಕ್ಕಡಿ ಹೊರಗೆ ತಂದರು. ಎಲ್ಲ ಸೇರಿ ಆರು ಕೆಜಿ ಹಸಿ ಬೀಜ. ಬುಟ್ಟಿಗೆ ಬಾಳೆಲೆ ಹಾಸಿ, ಬೀಜ ಸುರಿದು, ಮೇಲೆ ಬಾಳೆಲೆ ಮುಚ್ಚಿ, ಗೋಣಿ ಹೊದೆಸಿ, ಒಲೆಯ ಹತ್ತಿರ ಇಟ್ಟೆ. ಮೊದಲ ದಿನ ಹಣ್ಣಿನ ವಾಸನೆ, ಎರಡನೇ ದಿನ ಶರಾಬಿನ ವಾಸನೆ, ನಾಲ್ಕನೇ ದಿನ ವಿನೆಗರ್. ದಿನ ಬಿಟ್ಟು ದಿನ ಮಗುಚಬೇಕು. ಕೈ ಹಾಕಿದರೆ ಒಳಗೆ ಬಿಸಿ. ಚಾಕೊಲೇಟಿನ ರುಚಿ ಹುಟ್ಟುವುದೇ ಆ ಬಿಸಿಯಲ್ಲಿ, ಹಾಗೇ ಒಣಗಿಸಿದ ಬೀಜಕ್ಕೆ ಆ ರುಚಿ ಬರುವುದಿಲ್ಲ. ಇಷ್ಟು ವರ್ಷ ಹಸಿ ಬೀಜ ಮಾತ್ರ ಮಾರಿದ ಅಪ್ಪನಿಗೆ ಇದು ಹೊಸತು. ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕಾಲ್‌ನಲ್ಲಿದ್ದರೆ ಅವರು ದೂರದಿಂದ, "ಹೋಯ್, ಮಗುಚುವ ಹೊತ್ತಾಯ್ತು," ಅನ್ನುತ್ತಿದ್ದರು. ಆಚೆ ಬದಿಯವರಿಗೆ ಕೇಳಿಸಿದರೂ ನಾನು ಮ್ಯೂಟ್ ಒತ್ತುವುದನ್ನು ಬಿಟ್ಟುಬಿಟ್ಟೆ.

ಅಂಗಳದಲ್ಲಿ ಒಣಗಿದ ಬೀಜವನ್ನು ಅಮ್ಮ ಬಾಣಲೆಯಲ್ಲಿ ಹುರಿದರು. ಮನೆಯಿಡೀ ಘಮ್ಮೆಂದಿತು. ಸಿಪ್ಪೆ ಒಡೆದು ಅಪ್ಪ ಗೆರಸೆಯಲ್ಲಿ ಕೇರಿದರು. ಅಕ್ಕಿ ಕೇರಿದ ಕೈ, ಒಂದು ಸಿಪ್ಪೆ ಉಳಿಯಲಿಲ್ಲ. ಅರೆಯಲು ಅಮ್ಮ ತನ್ನ ಗ್ರೈಂಡರ್ ಮುಟ್ಟಲು ಬಿಡಲಿಲ್ಲ. "ಅಮೆರಿಕದಲ್ಲೂ ಸಣ್ಣ ಚಾಕೊಲೇಟ್ ಮಾಡುವವರು ನಮ್ಮ ಕೊಯಮತ್ತೂರು ಕಡೆಯ ಕಲ್ಲಿನ ಗ್ರೈಂಡರಿನಲ್ಲೇ ಅರೆಯುವುದು," ಅಂದೆ. "ಅವರಿಗೆ ನಾಳೆ ದೋಸೆ ಮಾಡ್ಲಿಕ್ಕಿಲ್ಲ," ಅಂದರು ಅಮ್ಮ. ಮಿಕ್ಸಿಯಲ್ಲೇ ಬಿಟ್ಟು ಬಿಟ್ಟು ತಿರುಗಿಸಿದೆ. ಪುಡಿ ತನ್ನದೇ ಬಿಸಿಗೆ ಕರಗಿ ಹೊಳೆಯುವ ಕಪ್ಪು ಹಿಟ್ಟಾಯಿತು. ಅಚ್ಚಿಗೆ ತೆಂಗಿನ ಗರಟೆ.

ಮಜ್ಜಿಗೆಯ ದೊಡ್ಡ ಕಡಗೋಲಿನಲ್ಲಿ ಕಡೆದು ಮೂರು ಲೋಟಕ್ಕೆ ಹೊಯ್ದೆ. ಅಪ್ಪ ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದರು. "ಇದಾ? ಇದಕ್ಕಾ ಅಷ್ಟು ರೇಟು?" ಅಮ್ಮ, "ನಮ್ಮ ಕಷಾಯವೇ ಅಡ್ಡಿಯಿಲ್ಲ," ಅಂದರು. ಅಪ್ಪ ಮತ್ತೊಂದು ಗುಟುಕು ಕುಡಿದರು. ಆಮೇಲೆ ನಿಧಾನಕ್ಕೆ ಪೂರ್ತಿ ಕುಡಿದರು. ಮುಗಿದ ಮೇಲೆ, "ಎರಡು ವಾರದಿಂದ ನೋಡ್ತಾ ಇದ್ದೇನೆ. ರಾತ್ರಿ ಎದ್ದು ಜಗಲಿಯಲ್ಲಿ ಕೂತ್ಕೊಳ್ತಿ. ನಿಂಗೆ ಎಂತ ಆಗ್ತಾ ಉಂಟು?" ಅಂದರು.

ಆರಾಮ ಅನ್ನಲು ಬಾಯಿ ತೆರೆದೆ. ಬರಲಿಲ್ಲ. ಎಲ್ಲ ಹೇಳಿದೆ. ಬಿಪಿ, ನಿದ್ದೆ, ಆರಿಹೋದ ಚೌಕಗಳು, ಮುಂದಿನ ಸಲ ನನ್ನದೇ ಇರಬಹುದು ಅನ್ನುವ ಹೆದರಿಕೆ, ಮನೆಯ ಸಾಲದ ಕಂತು. ಅಪ್ಪ ತಲೆ ಎತ್ತದೆ ಕೇಳಿದರು. ಆಮೇಲೆ, "ಕೊಕ್ಕೊ ಕಡಿದ ವರ್ಷ ನನಗೂ ಹಾಗೇ ಆಗಿತ್ತು. ಸೊಸೈಟಿ ಸಾಲ ಇತ್ತು. ರಾತ್ರಿ ಎಚ್ಚರ ಆದರೆ ಟಾರ್ಚ್ ಹಿಡಿದು ತೋಟಕ್ಕೆ ಒಂದು ಸುತ್ತು ಹೋಗಿ ಬರ್ತಿದ್ದೆ. ನಿನ್ನ ಅಮ್ಮನಿಗೆ ತೋಟಕ್ಕೆ ನೀರು ಬಿಡ್ಲಿಕ್ಕೆ ಅಂತ ಹೇಳ್ತಿದ್ದೆ," ಅಂದರು.

ಅಮ್ಮ ಲೋಟ ಎತ್ತಿಕೊಳ್ಳುತ್ತ, "ಮಳೆಗಾಲದಲ್ಲಿ ತೋಟಕ್ಕೆ ಯಾರು ನೀರು ಬಿಡುವುದು?" ಅಂದರು. ಅಪ್ಪ ನಕ್ಕರು. ಅಮ್ಮ ನಗಲಿಲ್ಲ. "ಎಂಟು ವರ್ಷದಿಂದ ಬಿಪಿ ಮಾತ್ರೆ ತಿನ್ತಾ ಇದ್ದಾರೆ ನಿನ್ನ ಅಪ್ಪ. ಎಲೆಯಡಿಕೆ ಪೆಟ್ಟಿಗೆಯಲ್ಲಿ ಇಡುವುದು. ಅವನಿಗೆ ಹೇಳ್ಬೇಡ, ಸುಮ್ಮನೆ ಟೆನ್ಷನ್ ಆಗ್ತದೆ ಅಂದಿದ್ದರು. ಈಗ ನೋಡಿದರೆ ನೀನೂ ಅದೇ ಮಾಡಿದ್ದು."

ಡಾಕ್ಟರರ ಪ್ರಶ್ನೆ ನೆನಪಾಯಿತು. ಮನೇಲಿ ಯಾರಿಗಾದ್ರೂ ಬಿಪಿ ಇದೆಯಾ? ಇಲ್ಲ ಅಂದಿದ್ದೆ. ತಂದೆಗೆ ಇದ್ದರೆ ಮಗನಿಗೆ ಬರುವ ಸಾಧ್ಯತೆ ಜಾಸ್ತಿ ಎಂದು ಅವರು ಆ ಪ್ರಶ್ನೆ ಕೇಳಿದ್ದು. ನನ್ನ ಕಾಯಿಲೆಗೆ ಆಫೀಸು, ಅಮೆರಿಕ, ಕಾಫಿ ಎಲ್ಲವನ್ನೂ ಹೊಣೆ ಮಾಡಿದ್ದೆ. ಎಲೆಯಡಿಕೆ ಪೆಟ್ಟಿಗೆ ತೆರೆದು ನೋಡಿರಲಿಲ್ಲ.

ಬೆಂಗಳೂರಿಗೆ ಬಂದ ವಾರವೇ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ಬೈದರು, ಬೈಯಬೇಕಾದದ್ದೇ. ಮಾತ್ರೆ ಶುರುವಾಯಿತು. ಈಗ 126/82ರ ಆಸುಪಾಸು ಇದೆ. ಅದು ಮಾತ್ರೆಯ ಕೆಲಸ, ನಡಿಗೆಯ ಕೆಲಸ. ಕೊಕ್ಕೊದ ಪಾಲು ಎರಡು ಪಾಯಿಂಟ್ ಇರಬಹುದು, ಇಲ್ಲದೆಯೂ ಇರಬಹುದು. ಪೊಟ್ಟಣ ಕೊಟ್ಟ ಗೆಳತಿಗೆ ಬೇರೆ ಕೆಲಸ ಸಿಕ್ಕಿತು. ಅವಳಿಗೆ ಒಂದು ಗರಟೆ ಕೊಕ್ಕೊ ಕೊಟ್ಟೆ. "ಇದು ಯಾವ ಗ್ರೇಡ್?" ಅಂದಳು. ಅಮ್ಮನ ಗ್ರೇಡ್ ಅಂದೆ.

ಅಪ್ಪ ಆ ಮಳೆಗಾಲದಲ್ಲಿ ವಿಟ್ಲದ ಸಿಪಿಸಿಆರ್‌ಐಗೆ ಹೋಗಿ ನಲವತ್ತು ಕೊಕ್ಕೊ ಗಿಡ ತಂದು ನೆಟ್ಟರು. ಆಮೇಲೆ ಬೆಲೆ ಎಂದಿನಂತೆ ಇಳಿಯಿತು. ಫೋನಿನಲ್ಲಿ ನಾನೇ ಆ ವಿಷಯ ತೆಗೆದೆ. "ಗೊತ್ತುಂಟು," ಅಂದರು. "ಇರ್ಲಿ. ಈ ಸಲ ಕಡಿಯುವುದಿಲ್ಲ. ನೀನು ಮಾತ್ರೆ ತೆಕ್ಕೊಂಡ್ಯಾ?" ತೆಕ್ಕೊಂಡೆ ಅಂದೆ. "ಅಪ್ಪ, ನಿಮ್ಮದು?" ಅಂದೆ. "ಈಗ ತೆಕ್ಕೊಳ್ತೇನೆ," ಅಂದು ಫೋನು ಇಟ್ಟರು. ಈಗ ದಿನಾ ಬೆಳಿಗ್ಗೆ ಆರೂವರೆಗೆ ಹೀಗೇ, ಒಂದೋ ಎರಡೋ ನಿಮಿಷದ ಮಾತು. ಅದು ಮುಗಿದ ಮೇಲೆ ಫೋನನ್ನು ಒಳಗಿಟ್ಟು ಬಂದು ಕೊಕ್ಕೊ ಹೆರೆಯಲು ಕೂರುತ್ತೇನೆ.